ಒಂದೇ ಕಣ್ಣು ಕತ್ತರಿಸಿದ ಸಿಂಹ

ಕತ್ತರಿ ಅಜ್ಜಿಗೆ ಆ ಹೆಸರು ಇಟ್ಟವರು ಮಕ್ಕಳು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಅಲ್ಲಿ ಎಲ್ಲರೂ ‘ಕಟಿಂಗ್ ಅಕ್ಕ’ ಎನ್ನುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅವಳಿಗೆ ಐವತ್ತು ತುಂಬಿತ್ತು. ಗಂಡ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು, ಒಬ್ಬನೇ ಮಗ ಮದುವೆಯಾಗಿ ಹಿಂದಿನ ಬೀದಿಯಲ್ಲಿ ಸಂಸಾರ ಹೂಡಿದ್ದ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಹತ್ತಿರದ ಶಿಶುವಿಹಾರಕ್ಕೆ ಆಯಾ ಬೇಕಂತೆ ಎಂದು ಯಾರೋ ಹೇಳಿದ ಮರುದಿನವೇ ಹೋಗಿ ನಿಂತಳು.

ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ನೆಲ ಒರೆಸುವುದು ಅವಳ ಕೆಲಸ. ಆದರೆ ತಿಂಗಳು ಕಳೆಯುವುದರೊಳಗೆ ಆಗಿನ ಟೀಚರಿಗೆ ಒಂದು ಸಂಗತಿ ಗೊತ್ತಾಯಿತು. ಈ ಅಜ್ಜಿಯ ಕೈಗೆ ಕತ್ತರಿ ಕೊಟ್ಟರೆ ಕಾಗದ ಹೇಳಿದ ಮಾತು ಕೇಳುತ್ತದೆ. ಗೆರೆ ಹಾಕದೆ ಮೀನು, ಮಡಚದೆ ನಕ್ಷತ್ರ. ಅಂದಿನಿಂದ ಕತ್ತರಿಸುವ ಕೆಲಸವೆಲ್ಲ ಅಜ್ಜಿಯ ಪಾಲಿಗೆ ಬಂತು. ಆಕೆಗೆ ಒಳಗೊಳಗೇ ಹೆಮ್ಮೆ. “ಎಂಟು ವರ್ಷ ಆಯ್ತು, ಒಂದು ಮಗುವಿನ ಉಗುರಿಗೂ ನನ್ನ ಕತ್ತರಿ ತಾಗಿಲ್ಲ” ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು.

ಆ ಗುರುವಾರ ಪೇಪರ್ ತಟ್ಟೆಯಲ್ಲಿ ಸಿಂಹದ ಮುಖವಾಡ ಮಾಡುವುದೆಂದು ಟೀಚರ್ ಗೊತ್ತು ಮಾಡಿದ್ದರು. ಎರಡು ಬಿಸ್ಕತ್ತು ಇಟ್ಟರೂ ಬಾಗುವಂಥ ತೆಳ್ಳನೆ ಬಿಳಿ ತಟ್ಟೆಗಳು. ನಾಲ್ಕು ವರ್ಷದ ಆಸುಪಾಸಿನ ಹದಿನಾರು ಮಕ್ಕಳು ನೆಲದ ಮೇಲೆ ಸುತ್ತ ಕೂತಿದ್ದರು. ಡಬ್ಬಿಗಳ ಮುಚ್ಚಳದಲ್ಲಿ ಹಳದಿ ಬಣ್ಣ, ಕಿತ್ತಳೆ ಬಣ್ಣ. ಮೊದಲು ತಟ್ಟೆಗೆ ಹಳದಿ ಬಳಿಯಬೇಕು. ಒಣಗಿದ ಮೇಲೆ ಮೊಂಡು ಕತ್ತರಿಯಲ್ಲಿ ಸುತ್ತಲ ಅಂಚನ್ನು ಕಚಕ್ ಕಚಕ್ ಎಂದು ಸೀಳಿ ಕೇಸರ ಮಾಡಬೇಕು. ಮೂಗಿಗೆ ಕಪ್ಪು ಕಾಗದದ ತ್ರಿಕೋನ, ಮೀಸೆಗೆ ಉಣ್ಣೆ ದಾರ. ಕಣ್ಣಿನ ತೂತು ಮಾತ್ರ ಅಜ್ಜಿಯದು, ಅದಕ್ಕೆ ಚೂಪು ಕತ್ತರಿಯೇ ಬೇಕು.

ಎಲ್ಲ ತಟ್ಟೆಗೂ ಒಂದೇ ಅಳತೆಯ ತೂತು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕಟಿಂಗ್ ಅಕ್ಕನ ಕೈ ಅದಕ್ಕೆ ಒಪ್ಪುತ್ತದೆಯೇ? ಒಬ್ಬೊಬ್ಬರನ್ನೇ ಕರೆದು, ಎರಡು ಕಣ್ಣಿನ ನಡುವಿನ ಅಂತರವನ್ನು ಬೆರಳಲ್ಲಿ ಅಳೆದು, ತಟ್ಟೆಯ ಹಿಂದೆ ಪೆನ್ಸಿಲಿನಲ್ಲಿ ಎರಡು ಚುಕ್ಕಿ ಇಟ್ಟು, ಮಗುವನ್ನು ದೂರ ಕಳಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಸುತ್ತಿದ್ದಳು.

ಹನ್ನೊಂದನೆಯ ಸರದಿ ಗುಬ್ಬಿಯದು. ಸದಾ ಚಿಲಿಪಿಲಿ ಎನ್ನುವ ಸಣಕಲು ಹುಡುಗಿ. ಅವಳ ಅಮ್ಮನೇ ಹಾಗೆ ಕರೆಯುತ್ತಿದ್ದಳು, ಶಿಶುವಿಹಾರದಲ್ಲೂ ಅದೇ ಹೆಸರು ಉಳಿಯಿತು. ಅಜ್ಜಿ ಅವಳ ತಟ್ಟೆಗೆ ಎಡಗಣ್ಣು ಕತ್ತರಿಸಿ ಮುಗಿಸಿದ್ದಳಷ್ಟೆ, ಡುಮ್ಮಣ್ಣನೊಬ್ಬ ಬ್ರಷ್ ತೊಳೆಯುವ ಬಕೆಟ್ಟಿನೊಳಗೆ ಕಾಲಿಟ್ಟ. ನೀರು ಚಾಪೆಗೆಲ್ಲ ಹರಿಯಿತು. ಅಜ್ಜಿ ಕತ್ತರಿಯನ್ನು ಸೆರಗಿಗೆ ಸಿಕ್ಕಿಸಿ ಒರೆಸುವ ಬಟ್ಟೆ ತರಲು ಓಡಿದಳು. ವಾಪಸು ಬಂದು ಹನ್ನೆರಡನೆಯ ಮಗುವನ್ನು ಕರೆದಳು. ಗುಬ್ಬಿಯ ತಟ್ಟೆಯನ್ನು ಅಷ್ಟರಲ್ಲಿ ಗುಬ್ಬಿಯೇ ಎತ್ತಿಕೊಂಡು ಹೋಗಿದ್ದಳು.

ಎಲ್ಲ ಒಣಗಿ, ಎಲಾಸ್ಟಿಕ್ ಪೋಣಿಸಿ, ಹದಿನಾರು ಸಿಂಹಗಳು ಸಿದ್ಧವಾದವು. ಟೀಚರ್ ಚಪ್ಪಾಳೆ ತಟ್ಟಿದರು. “ಈಗ ಎಲ್ಲ ಸಿಂಹಗಳೂ ಗರ್ಜನೆ ಮಾಡ್ಕೊಂಡು ಕಿಟಕಿ ತನಕ ಬನ್ನಿ!”

ಕೋಣೆ ಅದುರಿಹೋಗುವಷ್ಟು ಗದ್ದಲ. ಹದಿನೈದು ಸಿಂಹಗಳು ಕಿಟಕಿ ಮುಟ್ಟಿದವು. ಒಂದು ಸಿಂಹ ಮಾತ್ರ ಎರಡೂ ಕೈ ಮುಂದೆ ಚಾಚಿ, ಗಾಳಿಯನ್ನು ತಡವುತ್ತ, ಅಡ್ಡಾದಿಡ್ಡಿ ನಾಲ್ಕು ಹೆಜ್ಜೆ ಇಟ್ಟು, ಆಟಿಕೆಯ ಕಪಾಟಿಗೆ ಹೋಗಿ ಡಿಕ್ಕಿ ಹೊಡೆಯಿತು. ಮರದ ಚೌಕಗಳು ದಡದಡ ಉರುಳಿದವು.

“ಅಜ್ಜೀ, ಲೈಟ್ ಹಾಕಿ!” ಎಂದು ಒಳಗಿನಿಂದ ಗುಬ್ಬಿ ಕೂಗಿದಳು.

ಹೊರಗೆ ಬೆಳಗಿನ ಹನ್ನೊಂದರ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಜ್ಜಿ ಓಡಿಹೋಗಿ ಅವಳನ್ನು ಎತ್ತಿಕೊಂಡಳು. ಆಗ ನೋಡಿದರೆ ತಟ್ಟೆಗೆ ಒಂದೇ ತೂತು!

“ಅಯ್ಯೋ ನನ್ನ ಬುದ್ಧಿಗಿಷ್ಟು! ಒಂದು ಕಣ್ಣು ಕತ್ತರಿಸೋದೇ ಮರ್ತಿದ್ದೀನಲ್ಲ” ಎಂದು ನಕ್ಕಳು. “ಆದ್ರೂ ಇನ್ನೊಂದಿತ್ತಲ್ವೇನೇ ಪುಟ್ಟಿ, ಅದ್ರಲ್ಲಿ ನೋಡ್ಕೊಂಡು ಬರ್ಬೇಕಿತ್ತು.”

“ಅದ್ರಲ್ಲಿ ಹೇಗೆ ನೋಡೋದು?” ಎಂದಳು ಗುಬ್ಬಿ. “ಅದು ನೋಡೋ ಕಣ್ಣಲ್ಲ.”

ಅಜ್ಜಿಯ ನಗು ಅರ್ಧಕ್ಕೆ ನಿಂತಿತು. ತೂತಿನೊಳಗೆ ಬಗ್ಗಿ ನೋಡಿದಳು. ಕಣ್ಣು ಪೂರ್ತಿ ತೆರೆದಿತ್ತು. ಕೆಂಪಿಲ್ಲ, ಊತವಿಲ್ಲ, ಹೊಳೆಯುವ ಕಪ್ಪು ಗುಡ್ಡೆ. ಅವಳ ಮುಖದ ಕಡೆಗೇ ತಿರುಗಿತ್ತು. ಆದರೆ ಅವಳನ್ನು ನೋಡುತ್ತಿರಲಿಲ್ಲ.

“ಏನು ಕಾಣ್ತಿದೆ ಪುಟ್ಟಿ?”

“ಬ್ರಷ್ ತೊಳೆದ ನೀರಿನ ಥರ.”

“ನಾನು ಕಾಣಲ್ವಾ?”

“ಊಹ್ಞೂಂ. ಈ ಕಣ್ಣು ಯಾವಾಗ್ಲೂ ಹಿಂಗೇ ಅಲ್ವಾ ಅಜ್ಜಿ? ಒಂದು ನೋಡಕ್ಕೆ, ಒಂದು ಜೊತೆಗಿರಕ್ಕೆ.” ಎಷ್ಟು ನಿರಾಳವಾಗಿ ಹೇಳಿದಳೆಂದರೆ, ಎಲ್ಲರಿಗೂ ಎರಡು ಕಿವಿ, ಒಂದು ಮೂಗು ಎಂದಂತೆ. “ನಿಮ್ದು ಯಾವುದು ಜೊತೆಗಿರೋದು?”

ಅಜ್ಜಿ ಕೈಸನ್ನೆ ಮಾಡಿ ಟೀಚರನ್ನು ಕರೆದಳು. ಟೀಚರ್ ಇಪ್ಪತ್ತಾರು ವರ್ಷದ ಚುರುಕು ಹುಡುಗಿ, ಓಡಿ ಬಂದರು. ಮುಖವಾಡ ತೆಗೆದು, ಗುಬ್ಬಿಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎರಡು ಬೆರಳು ಎತ್ತಿ ಹಿಡಿದರು. “ಎಷ್ಟು?” ಗುಬ್ಬಿ ಕತ್ತನ್ನು ಅತ್ತಿತ್ತ ಹೊರಳಿಸಿದಳು. ಬೆರಳನ್ನು ಮೂಗಿನ ಹತ್ತಿರ ತಂದರು. “ಈಗ?” “ನೂರು” ಎಂದು ಗುಬ್ಬಿ ಊಹೆ ಹೊಡೆದಳು. ಟೀಚರ್ ಕೈ ಕೆಳಗಿಳಿಸಿದರು.

“ಅಜ್ಜಿ, ಹೋದ ತಿಂಗಳು ಇವಳ ಬಗ್ಗೆ ನಾನೇ ಮನೆಗೆ ಬರೆದು ಕಳ್ಸಿದ್ದೆ. ಗಮನ ಸಾಲದು, ಗೆರೆ ದಾಟಿ ಬಣ್ಣ ಹಾಕ್ತಾಳೆ ಅಂತ.”

ಮಧ್ಯಾಹ್ನ ಗುಬ್ಬಿಯ ಅಮ್ಮ ಬಂದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಮೈಮೇಲೆ ಅಂಗಡಿಯ ನೀಲಿ ಕೋಟು ಹಾಗೇ ಇತ್ತು. ಟೀಚರ್ ಮೆಲ್ಲಗೆ ವಿಷಯ ಹೇಳಿದರು. ಅವಳು ಮೊದಲು ನಕ್ಕಳು. ಆಮೇಲೆ ತಾನೇ ಮಗಳ ಕಣ್ಣು ಮುಚ್ಚಿ ಪರೀಕ್ಷಿಸಿದಳು. ಎರಡು ಸಲ, ಮೂರು ಸಲ. ಕೊನೆಗೆ ಎದ್ದು ನಿಂತಳು.

“ಬೆಳಗ್ಗೆ ಚೆನ್ನಾಗಿದ್ಳು. ನನ್ ಕೈಯಾರೆ ತಲೆ ಬಾಚಿ ಕಳ್ಸಿದ್ದೀನಿ. ಇಲ್ಲಿ ಬಂದ್ಮೇಲೆ ಏನಾಯ್ತು ಅಂತ ಹೇಳಿ!” ಅವಳ ನೋಟ ಅಜ್ಜಿಯ ಸೆರಗಿಗೆ ಸಿಕ್ಕಿಸಿದ್ದ ಕತ್ತರಿಯ ಮೇಲೆ ನಿಂತಿತು. “ಇಷ್ಟು ಚೂಪು ಕತ್ತರಿ ಹಿಡ್ಕೊಂಡು ಮಕ್ಕಳ ಮುಖದ ಹತ್ರ ಹೋಗ್ತೀರಾ ನೀವು?”

“ನಾನು ತಾಗಿಸಿಲ್ಲ ಕಣಮ್ಮ” ಎಂದು ಅಜ್ಜಿ ಹೇಳುವಷ್ಟರಲ್ಲಿ ತಾಯಿ ಮಗಳನ್ನು ಸೊಂಟದ ಮೇಲೆ ಹೊತ್ತು ಬಾಗಿಲು ದಾಟಿದ್ದಳು. ಸಂಜೆ ಶಿಶುವಿಹಾರ ನಡೆಸುವ ಹಿರಿಯರು ಫೋನ್ ಮಾಡಿ, ವಿಷಯ ತಿಳಿಯಾಗುವ ತನಕ ಎರಡು ದಿನ ಬರಬೇಡಿ ಎಂದರು. ಒರಟಾಗಿ ಹೇಳಲಿಲ್ಲ. ಆದರೂ ಹೇಳಿದರು.

ಆ ಎರಡು ದಿನ ಅಜ್ಜಿ ತುತ್ತು ನುಂಗಿದ್ದು ಲೆಕ್ಕಕ್ಕಿಲ್ಲ. ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಅಳತೆ ತೆಗೆಯುವಾಗ ಕತ್ತರಿ ಎಲ್ಲಿತ್ತು? ಬಲಗೈಯಲ್ಲೋ, ನೆಲದ ಮೇಲೋ? ನೆಲದ ಮೇಲೆ ಎಂದು ಮನಸ್ಸು ಹೇಳಿದ ಕೂಡಲೇ ಇನ್ನೊಂದು ಮನಸ್ಸು, ನಿನಗೆ ಖಚಿತವೇ, ಬಕೆಟ್ ಉರುಳಿದಾಗ ನೀನು ಎದ್ದು ಓಡಿದ ರಭಸಕ್ಕೆ ಮಗು ಎಲ್ಲಿತ್ತು ಎಂದು ಕೇಳುತ್ತಿತ್ತು. ಹದಿನಾರು ಮುಖಗಳನ್ನೂ ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡಳು. ಹದಿನೈದು ಸ್ಪಷ್ಟವಾಗಿದ್ದವು. ಗುಬ್ಬಿಯದು ಮಾತ್ರ ನೆನೆಸಿದಷ್ಟೂ ಕಲಸಿಹೋಗುತ್ತಿತ್ತು. ಮಾಡದೇ ಇರುವ ತಪ್ಪನ್ನು ತಾನು ಮಾಡಿಯೇಬಿಟ್ಟೆನೇನೋ ಎನ್ನುವಷ್ಟಕ್ಕೆ ಬಂದಿದ್ದಳು.

ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಟೀಚರ್, ಗುಬ್ಬಿಯ ಅಮ್ಮ, ನಡುವೆ ಗುಬ್ಬಿ. ಗುಬ್ಬಿಯ ಕಣ್ಣಿನ ಮೇಲೆ ಅಂಗೈ ಅಗಲದ ಪಟ್ಟಿ!

ಅಜ್ಜಿ ಹೌಹಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮರುಕ್ಷಣ ಇನ್ನೊಂದು ಗಾಬರಿ. ಪಟ್ಟಿ ಇದ್ದದ್ದು ಬಲಗಣ್ಣಿನ ಮೇಲೆ.

“ಅಯ್ಯಯ್ಯೋ, ಕಾಣೋ ಕಣ್ಣಿಗೂ ಏನಾಯ್ತಮ್ಮಾ?”

“ಏನೂ ಆಗಿಲ್ಲ ಅಜ್ಜಿ, ಕೂತ್ಕೊಳಿ ಮೊದ್ಲು” ಎಂದು ಟೀಚರ್ ಅವಳನ್ನು ಹಿಡಿದು ಕೂರಿಸಿದರು.

ಗುಬ್ಬಿಯ ಅಮ್ಮ ನೆಲ ನೋಡುತ್ತ ಹೇಳಿದಳು. “ಕ್ಷಮಿಸಿ ಅಜ್ಜಿ. ಕಣ್ಣಿಗೆ ಏನೂ ತಾಗಿಲ್ಲ ಅಂದ್ರು ಡಾಕ್ಟ್ರು. ಇದು ಚಿಕ್ಕಂದಿನಿಂದ್ಲೇ ಇರೋದಂತೆ. ಒಂದು ಕಣ್ಣಿನ ಪವರ್ರೇ ಬೇರೆ, ಇನ್ನೊಂದರದ್ದೇ ಬೇರೆ. ಕಾಣದ ಕಣ್ಣನ್ನ ಮೆದುಳು ಲೆಕ್ಕಕ್ಕೇ ತಗೊಳ್ಳೋದು ಬಿಟ್ಬಿಡುತ್ತಂತೆ. ಅದಕ್ಕೇ ಒಳ್ಳೆ ಕಣ್ಣು ಮುಚ್ಚಿದ್ದಾರೆ. ದಿನಕ್ಕೆ ಇಷ್ಟು ಗಂಟೆ ಅಂತ ಮುಚ್ಚಿ, ಸೋಮಾರಿ ಕಣ್ಣಿಂದ ಕೆಲಸ ಮಾಡಿಸ್ಬೇಕು. ವಾರ ಬಿಟ್ಟು ಕನ್ನಡಕ ಬರುತ್ತೆ.”

“ಸರಿಹೋಗುತ್ತಾ?”

“ಬಹಳ ಮಟ್ಟಿಗೆ ಹೋಗುತ್ತಂತೆ. ನಾಲ್ಕು ವರ್ಷಕ್ಕೇ ಗೊತ್ತಾಗಿದ್ದು ಪುಣ್ಯ ಅಂದ್ರು. ಅದೇ ದೊಡ್ಡವಳಾದ್ಮೇಲಾಗಿದ್ರೆ...” ಅವಳು ಮೂಗು ಒರೆಸಿಕೊಂಡಳು. “ಡಾಕ್ಟ್ರು ಏನೇನೋ ಕೇಳಿದ್ರು ಅಜ್ಜಿ. ಲೋಟಕ್ಕೆ ನೀರು ಬಗ್ಗಿಸಿದ್ರೆ ಪಕ್ಕಕ್ಕೆ ಚೆಲ್ತಾಳಾ? ಬಾಗಿಲಿಗೆ ಒಂದೇ ಭುಜ ತಾಗಿಸ್ಕೋತಾಳಾ? ಚೆಂಡು ಎಸೆದ್ರೆ ಹಿಡಿಯಲ್ವಾ? ಎಲ್ಲಕ್ಕೂ ಹೌದು ಹೌದು ಅಂದೆ. ಅಷ್ಟಕ್ಕೂ ನಾನು ಬೈದಿದ್ದೆ. ಮೈಮೇಲೆ ಎಚ್ಚರ ಇಲ್ವಾ ಅಂತ.”

ಅವಳಿಗೆ ಸಮಾಧಾನ ಹೇಳಬೇಕೆಂದು ಅಜ್ಜಿ ಕೈ ಚಾಚಿದಳು. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಲೋಟದ ಪಕ್ಕಕ್ಕೆ ಚೆಲ್ಲಿದ ನೀರು. ಬಾಗಿಲಿಗೆ ತಾಗಿ ತರಚಿದ ಭುಜ, ಯಾವಾಗಲೂ ಎಡ ಭುಜ. ಅವಳ ಕಣ್ಣ ಮುಂದೆ ಬಂದದ್ದು ಗುಬ್ಬಿಯಲ್ಲ, ತನ್ನ ಮಗ.

ಅವನಿಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ ಕಾರ್ಖಾನೆಯ ಜೊತೆಗೆ ಅವಳು ಮನೆಗೂ ಗುಂಡಿ ಹಾಕುವ ಕೆಲಸ ತರುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡು ಎಂದು ಮಗನನ್ನು ಕೂರಿಸುತ್ತಿದ್ದಳು. ಅವನ ದಾರ ಸೂಜಿಯ ಮುಂದೆಯೋ ಹಿಂದೆಯೋ ಹೋಗುತ್ತಿತ್ತೇ ಹೊರತು ಕಣ್ಣಿಗೆ ಇಳಿಯುತ್ತಿರಲಿಲ್ಲ. ಬೇಕೆಂದೇ ಮಾಡುತ್ತಾನೆ, ಆಟಕ್ಕೆ ಹೋಗುವ ಆತುರ ಎಂದುಕೊಂಡಳು. ಬಟ್ಟೆ ಅಳೆಯುವ ಸ್ಟೀಲ್ ಪಟ್ಟಿಯಿಂದ ಬೆರಳ ಗಿಣ್ಣಿಗೆ ಹೊಡೆದಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ. ‘ಕೈಲಾಗದವನು’ ಎಂದು ಅಕ್ಕಪಕ್ಕದವರ ಎದುರಿಗೇ ಅಂದಿದ್ದಳು.

ಬಂದವರು ಯಾವಾಗ ಎದ್ದು ಹೋದರೋ ಅವಳಿಗೆ ನೆನಪಿಲ್ಲ.

ಮಗ ಇಸ್ತ್ರಿ ಅಂಗಡಿ ಇಟ್ಟಿದ್ದ. ದಿನಾ ಸಂಜೆ ಅಂಗಡಿಯಿಂದ ನೇರ ಅಮ್ಮನ ಮನೆಗೆ ಬಂದು, ಒಂದು ಲೋಟ ಟೀ ಕುಡಿದೇ ತನ್ನ ಮನೆಗೆ ಹೋಗುವುದು. ಅಂದೂ ಬಂದ. ಒಲೆ ಹಚ್ಚಿರಲಿಲ್ಲ. ಅಮ್ಮ ಗೋಡೆಗೊರಗಿ ಕೂತಿದ್ದಳು.

“ಏನಮ್ಮ, ಇವತ್ತು ಟೀ ಪುಡಿ ಮುಷ್ಕರನಾ?”

“ಬಾ ಇಲ್ಲಿ. ಕೂತ್ಕೋ. ಬಲಗಣ್ಣು ಮುಚ್ಚು.”

“ಯಾಕೆ?”

“ಮುಚ್ಚೋ ಅಂದ್ರೆ.”

ಅವನು ಮುಚ್ಚಲಿಲ್ಲ. ಮೂವತ್ತೊಂದು ವರ್ಷದ ಮಗ, ಹಬೆಗೆ ಕೆಂಪಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, “ಯಾರು ಹೇಳಿದ್ರು ನಿಂಗೆ?” ಎಂದ.

ಇಲ್ಲ, ಹಾಗೇನಿಲ್ಲ ಎಂದು ಅವನು ನಗುತ್ತಾನೆ ಎಂದೇ ಆಸೆಪಟ್ಟಿದ್ದಳು.

“ನಿಂಗೆ ಗೊತ್ತಿತ್ತಾ?”

“ಹದಿನೆಂಟಕ್ಕೆ ಗೊತ್ತಾಯ್ತು. ವ್ಯಾನ್ ಓಡಿಸೋ ಕೆಲಸ ಸಿಕ್ಕಿತ್ತಲ್ಲ, ಅವ್ರೇ ಕಣ್ಣು ತೋರಿಸ್ಕೊಂಡು ಬಾ ಅಂತ ಕಳ್ಸಿದ್ರು. ಅಲ್ಲಿ ಡಾಕ್ಟ್ರು ಎಡಗಣ್ಣು ಇಲ್ಲವೇ ಇಲ್ಲ ಅಂದ್ರು.”

“ಎದ್ದಿದ್ದು ತಡ ಆಯ್ತು, ಅದಕ್ಕೇ ಕೆಲಸ ಬೇರೆಯವ್ರಿಗೆ ಕೊಟ್ರು ಅಂದಿದ್ದೆ ನೀನು! ಒಂದು ವಾರ ಬೈದಿದ್ದೆ ನಿನ್ನ!”

“ಹತ್ತು ದಿನ” ಎಂದು ಅವನು ತಿದ್ದಿದ.

“ಯಾಕೋ ಹೇಳ್ಲಿಲ್ಲ?”

ಅವನು ಹೆಬ್ಬೆರಳಿನಿಂದ ಬೆರಳ ಗಿಣ್ಣುಗಳನ್ನು ಉಜ್ಜಿಕೊಂಡ. “ಹೇಳಿ ಏನಾಗ್ಬೇಕಿತ್ತು? ಇನ್ನೇನೂ ಮಾಡೋ ಹಾಗಿಲ್ಲ ಅಂತ ಡಾಕ್ಟ್ರೇ ಹೇಳಿದ್ರು. ಹೇಳಿದ್ರೆ ಆ ಸ್ಟೀಲ್ ಪಟ್ಟಿ ನೆನಪಾಗಿ ನೀನು ಅಳ್ತಿದ್ದೆ. ಸೋಮಾರಿ ಅಂತ ಬೈಸ್ಕೊಳ್ಳೋದು ಅದಕ್ಕಿಂತ ಸಲೀಸು ಅನ್ನಿಸ್ತು. ನೀನು ಬೈದ್ರೆ ಸಂಜೆಗೆ ಮರೀತಿದ್ದೆ. ಅತ್ರೆ ಮರೀತಿರ್ಲಿಲ್ಲ.”

“ಇನ್ಯಾರಿಗೆ ಗೊತ್ತು?”

“ನಿನ್ನ ಸೊಸೆಗೆ ಗೊತ್ತು. ಮದುವೆಗೆ ಮೊದ್ಲೇ ಹೇಳಿದ್ದೆ. ನನ್ನನ್ನ ಅರ್ಧವೇ ನೋಡ್ತೀಯ, ಒಳ್ಳೇದೇ ಆಯ್ತು ಅಂದ್ಳು.”

ಹಾಸ್ಯಕ್ಕೆ ಅಜ್ಜಿ ನಗಲಿಲ್ಲ. ಹದಿಮೂರು ವರ್ಷ! ಹೊಟ್ಟೆಯಲ್ಲಿ ಹೊತ್ತ ಮಗನ ಒಂದು ಕಣ್ಣು ಸತ್ತುಹೋಗಿದೆ. ಅದು ವ್ಯಾನಿನವರಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ಸೊಸೆಗೆ ಗೊತ್ತು. ಹದಿನಾರು ಮಕ್ಕಳ ಕಣ್ಣಿನ ಅಳತೆಯನ್ನು ಬೆರಳಲ್ಲಿ ಹಿಡಿಯುವ ತನಗೆ ಗೊತ್ತಿಲ್ಲ. ಅವನ ಕೈ ಹಿಡಿದು ಗಿಣ್ಣುಗಳ ಮೇಲೆ ತನ್ನ ಬೆರಳಾಡಿಸಿದಳು. ಅಲ್ಲಿ ಗಾಯದ ಗುರುತೇನೂ ಇರಲಿಲ್ಲ. ಗುರುತಿದ್ದಿದ್ದರೆ ವಾಸಿಯಿತ್ತು ಎನ್ನಿಸಿತು ಅವಳಿಗೆ.

“ಟೀ ಮಾಡ್ತೀಯೋ, ನಾನೇ ಮಾಡ್ಲೋ?” ಎಂದ ಮಗ. ಅವಳು ಏಳಲಿಲ್ಲ. ಅವನೇ ಮಾಡಿದ.

ಗುಬ್ಬಿಯ ಕಥೆ ಮುಂದೆ ಚೆನ್ನಾಗಿಯೇ ನಡೆಯಿತು. ಮೊದಲ ತಿಂಗಳು ಪಟ್ಟಿ ಕಿತ್ತೆಸೆದು ರಂಪ ಮಾಡಿದಳು. ಅಂಗಳದ ಗಿಡದ ಬುಡದಲ್ಲಿ ಎರಡು ಸಲ ಹೂತೂ ಹಾಕಿದಳು. ಆಮೇಲೆ ರೂಢಿಯಾಯಿತು. ವರ್ಷ ತುಂಬುವ ಹೊತ್ತಿಗೆ ಡಾಕ್ಟರರ ಗೋಡೆಯ ಮೇಲಿನ ಚಿತ್ರಗಳಲ್ಲಿ ಮೊದಲ ನಾಲ್ಕು ಸಾಲನ್ನು ಎಡಗಣ್ಣೊಂದರಿಂದಲೇ ಗುರುತಿಸಿದಳು. ಶಿಶುವಿಹಾರಕ್ಕೆ ಹೊಸ ಮಕ್ಕಳು ಸೇರಿದ ಮೊದಲ ವಾರವೇ ಒಂದೊಂದು ಕಣ್ಣು ಮುಚ್ಚಿ ಚಿತ್ರ ಗುರುತಿಸುವ ಆಟ ಶುರುವಾಯಿತು. ಆಡಿಸುವವಳು ಅಜ್ಜಿ. ಯಾವುದಾದರೂ ಮಗು ತಡವರಿಸಿದರೆ ಅವಳ ಎದೆ ಧಸಕ್ಕೆನ್ನುವುದು ಇವತ್ತಿಗೂ ತಪ್ಪಿಲ್ಲ.

ಮಗನನ್ನೂ ಅವಳು ಬಿಡಲಿಲ್ಲ. ಬೇಡವೆಂದರೂ ಕೇಳದೆ, ವಿಷಯ ತಿಳಿದ ಮರುವಾರವೇ ಗುಬ್ಬಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಚೀಟಿ ಬರೆಯುವ ಹುಡುಗಿ, “ಎಷ್ಟು ವರ್ಷದಿಂದ ತೊಂದರೆ?” ಎಂದು ಕೇಳಿದಳು.

“ಹದಿಮೂರು” ಎಂದ ಮಗ.

“ಮೂವತ್ತೊಂದು” ಎಂದಳು ಅಮ್ಮ. ಹುಡುಗಿ ಇಬ್ಬರ ಮುಖವನ್ನೂ ನೋಡಿ ಅಮ್ಮ ಹೇಳಿದ್ದನ್ನೇ ಬರೆದುಕೊಂಡಳು.

ಆ ಕಣ್ಣಿಗೆ ಮಾಡುವಂಥದ್ದೇನೂ ಉಳಿದಿಲ್ಲ ಎಂದು ಡಾಕ್ಟರೂ ಹೇಳಿದರು. ಇರುವ ಒಂದು ಕಣ್ಣಿಗೆ ಪೆಟ್ಟು ಬೀಳಬಾರದು, ಒಡೆಯದ ಗಾಜಿನ ಕನ್ನಡಕ ಹಾಕಿಕೊಳ್ಳಿ ಎಂದು ಚೀಟಿ ಕೊಟ್ಟರು. ಅಲ್ಲೇ ಕೆಳಗಿನ ಅಂಗಡಿಯಲ್ಲಿ ಅಮ್ಮನೇ ಚೌಕಟ್ಟು ಆರಿಸಿದಳು.

ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದ ಕಡೆಗೆ ಹೊರಟರು. ಅವಳು ಪಾದಚಾರಿ ಕಟ್ಟೆಯ ಒಳಬದಿಗೆ ಸರಿದು ಅವನ ಎಡಕ್ಕೆ ಬಂದಳು. ಅವನು ಹಿಂದಿನಿಂದ ಸುತ್ತಿಬಂದು ಅವಳನ್ನು ಬಲಕ್ಕೆ ತಂದುಕೊಂಡ. ಹತ್ತು ಹೆಜ್ಜೆ ಹೋದ ಮೇಲೆ ಅವಳಿಗೆ ಹೊಳೆಯಿತು. ಮಾರುಕಟ್ಟೆಗೆ ಹೋಗುವಾಗ, ಅವನ ಅಪ್ಪನ ಅಣ್ಣ ತೀರಿಕೊಂಡ ದಿನ, ಅವನ ಮದುವೆಯ ದಿನ, ಎಷ್ಟೋ ವರ್ಷದಿಂದ ಅವನು ಹೀಗೆಯೇ ಸುತ್ತಿಬರುತ್ತಿದ್ದ. ಅದೊಂದು ವಿಚಿತ್ರ ಚಾಳಿ ಎಂದು ಅವಳು ಗೊಣಗಿದ್ದೂ ಉಂಟು.

ಅವಳು ನಡುದಾರಿಯಲ್ಲಿ ಗಕ್ಕನೆ ನಿಂತಳು. ಹಿಂದಿನಿಂದ ಬರುತ್ತಿದ್ದವರು ಅವಳನ್ನು ಬಳಸಿಕೊಂಡು ಮುಂದೆ ಹೋದರು.

“ಏನಾಯ್ತಮ್ಮ?”

“ಏನಿಲ್ಲ” ಎಂದಳು. “ನಡಿ.”

ಅವನ ಬಲಗಡೆಯೇ ನಡೆದಳು.